ಎಷ್ಟು ಮಾಡಿದರೂ ಅವನಿಗೆ ಯಾಕೆ ಕಾಣುವುದಿಲ್ಲ, ಟೀಚರೇ?

ನಾನು ಶಾಲಾ ಮಕ್ಕಳಿಗೆ ಕೌನ್ಸೆಲಿಂಗ್ ಮಾಡುವವಳು. ಆದರೆ ಜಾಸ್ತಿ ಪ್ರಶ್ನೆ ಬರುವುದು ದೊಡ್ಡವರಿಂದ. ನಮ್ಮ ಕಾಸರಗೋಡು ಕಡೆಯ ಕುಂಬಳೆ ಪೇಟೆಯಲ್ಲಿ ಸಿಕ್ಕರೂ, ಮದುವೆ ಮನೆಯಲ್ಲಿ ಸಿಕ್ಕರೂ ಮಾತು ಒಂದೇ: “ಟೀಚರೇ, ಮನೆಗೆ ಇಷ್ಟೆಲ್ಲ ಮಾಡುವುದು ನಾನು. ತಮ್ಮನಿಗೆ ಅದು ಕಾಣುವುದೇ ಇಲ್ಲ. ಎಂತಕ್ಕೆ ಹೀಗೆ?” ಕೆಲವರಿಗೆ ತಮ್ಮನ ಮೇಲೆ ಬೇಸರ, ಕೆಲವರಿಗೆ ಗಂಡನ ಮೇಲೆ, ಇನ್ನು ಕೆಲವರಿಗೆ ಅತ್ತಿಗೆಯ ಮೇಲೆ.

ಅವರಿಗೆ ಕಾಣುವುದಿಲ್ಲ ಎನ್ನುವುದು ನಿಜ. ಅವರು ಮಾಡುವುದು ನಿಮಗೂ ಅಷ್ಟಾಗಿ ಕಾಣುತ್ತಿಲ್ಲ. ಹೀಗೆ ಹೇಳಿದ ಕೂಡಲೇ ಮುಖ ಬಾಡುತ್ತದೆ, ಗೊತ್ತು. ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಮ್ಮ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಯಾವುದೇ ಅಡಿಕೆ ತೋಟದ ಮನೆಯನ್ನು ನೆನೆಸಿಕೊಳ್ಳಿ. ಅಣ್ಣ ಊರಲ್ಲಿ, ತಮ್ಮ ಬೆಂಗಳೂರಿನಲ್ಲಿ. ಮಳೆ ಹಿಡಿಯುವ ಮೊದಲು ಕೊಳೆರೋಗಕ್ಕೆ ಮದ್ದು ಬಿಡಬೇಕು. ಮರ ಹತ್ತುವವರು ಸಿಗುವುದಿಲ್ಲ. ಇವತ್ತು ಬರುತ್ತೇನೆ ಎಂದವರು ಫೋನ್ ಎತ್ತುವುದಿಲ್ಲ. ಮದ್ದಿಗೆ ಬೇಕಾದ ಸುಣ್ಣ, ಮೈಲುತುತ್ತು ತಂದಿಟ್ಟು ಆಕಾಶ ನೋಡುತ್ತಾ ಕೂರಬೇಕು. ಒಮ್ಮೆ ಬಿಟ್ಟರೆ ಮುಗಿಯಿತಾ? ಸುಮಾರು 45 ದಿನಕ್ಕೆ ಇನ್ನೊಮ್ಮೆ, ಅದೂ ಮಳೆಯ ನಡುವೆ ಬಿಸಿಲು ಬಂದ ಹೊತ್ತಿಗೇ. ಇದರ ಜೊತೆಗೆ ರಾತ್ರಿ ಅಮ್ಮನಿಗೆ ಉಸಿರು ಕಟ್ಟಿದರೆ ಕಾರು ತೆಗೆದು ತಲಪಾಡಿ ಗಡಿ ದಾಟಿ ಮಂಗಳೂರಿಗೆ ಓಡುವವನೂ ಅವನೇ. ತಮ್ಮನಿಗೆ ಇದು ಮುಟ್ಟುವುದು ಹೇಗೆ? “ಮದ್ದು ಬಿಟ್ಟಾಯಿತು. ಅಮ್ಮ ಹುಷಾರಾಗಿದ್ದಾರೆ.” ಅಷ್ಟೇ.

ತಮ್ಮನದ್ದೂ ಹಾಗೆಯೇ. ಆಸ್ಪತ್ರೆಯ ಬಿಲ್ ಕಟ್ಟುವುದು ಅವನು. ಇನ್ಶೂರೆನ್ಸ್‌ನವರು ಮತ್ತೆ ಮತ್ತೆ ಕಾಗದ ಕೇಳುತ್ತಾರೆ. ಊಟದ ಹೊತ್ತಿನಲ್ಲಿ ಆಫೀಸಿನ ಮೆಟ್ಟಿಲ ಮೇಲೆ ನಿಂತು ಅವರ ಜೊತೆ ವಾದ ಮಾಡಿರುತ್ತಾನೆ. ಮಗಳ ಫೀಸು ಕಟ್ಟಲು ಇಟ್ಟ ದುಡ್ಡು ತೋಟದ ಪಂಪಿಗೆ ಹೋಗಿರುತ್ತದೆ. ಅಣ್ಣನ ಮೊಬೈಲಿಗೆ ಬರುವುದು ಮಾತ್ರ ದುಡ್ಡು ಬಂತು ಎನ್ನುವ ಒಂದು ಸಾಲು.

ಮನಸ್ಸಿನ ಈ ಲೆಕ್ಕವನ್ನು ಕೆನಡಾದ ಮೈಕಲ್ ರಾಸ್, ಫಿಯೋರೆ ಸಿಕೋಲಿ ಎಂಬಿಬ್ಬರು ಮನಶ್ಶಾಸ್ತ್ರಜ್ಞರು ಅಧ್ಯಯನ ಮಾಡಿ 1979ರಲ್ಲಿ ಪ್ರಕಟಿಸಿದರು. ಮನೆಯ ಒಂದೊಂದು ಕೆಲಸದಲ್ಲೂ ನಿಮ್ಮ ಪಾಲು ಎಷ್ಟು ಎಂದು ಗಂಡನನ್ನೂ ಹೆಂಡತಿಯನ್ನೂ ಬೇರೆ ಬೇರೆಯಾಗಿ ಕೇಳಿದರು. ಇಬ್ಬರ ಉತ್ತರ ಕೂಡಿಸಿದರೆ ಹೆಚ್ಚಿನ ಕೆಲಸಗಳಲ್ಲಿ ಶೇಕಡಾ 100 ದಾಟುತ್ತಿತ್ತು. ನನಗೆ ಮುಖ್ಯ ಅನಿಸಿದ್ದು ಇನ್ನೊಂದು. ಜಗಳ ಹುಟ್ಟಿಸುವುದರಂಥ ಕೆಟ್ಟ ಸಂಗತಿಗಳಲ್ಲೂ ಜನ ತಮ್ಮ ಪಾಲನ್ನು ಜಾಸ್ತಿಯೇ ಹೇಳಿದ್ದರು. ಬರೀ ಜಂಬವಾಗಿದ್ದರೆ ಹಾಗೆ ಹೇಳುತ್ತಿದ್ದರಾ? ನಾವು ಮಾಡಿದ್ದು ನಮಗೆ ಬೇಗ ನೆನಪಾಗುತ್ತದೆ, ಅದಕ್ಕೇ ದೊಡ್ಡದಾಗಿ ಕಾಣುತ್ತದೆ.

ಹಾಗಂತ ಎಲ್ಲ ಮನೆಯಲ್ಲೂ ಇಬ್ಬರದ್ದೂ ಸಮ ಎಂದು ನಾನು ಹೇಳುತ್ತಿಲ್ಲ. ಹಾಸಿಗೆ ಹಿಡಿದ ಅತ್ತೆಯನ್ನು ಒಬ್ಬಳೇ ಸೊಸೆ ನೋಡಿಕೊಳ್ಳುವ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಅಲ್ಲಿ ನೆನಪಿನ ಮಾತು ತೆಗೆಯುವುದೇ ಅನ್ಯಾಯ. ಅಲ್ಲಿ ಆಗಬೇಕಾದ್ದು ಕೆಲಸ ಹಂಚುವುದು, ಇಲ್ಲದಿದ್ದರೆ ಜನ ಇಟ್ಟುಕೊಳ್ಳುವುದು. ಹೊಗಳಿಕೆಯಿಂದ ಅವಳ ಬೆನ್ನುನೋವು ಹೋಗುವುದಿಲ್ಲ.

ಉಳಿದ ಕಡೆ ನಾನು ಹೇಳುವುದು ಇಷ್ಟು. ಯಾರು ಎಷ್ಟು ಮಾಡಿದರು ಎಂಬ ಮಾತಿಗೆ ಕೂತಾಗ ನಿಮ್ಮ ಪಟ್ಟಿಯಿಂದ ಶುರು ಮಾಡಬೇಡಿ. ಅವನು ಮಾಡಿದ್ದರಲ್ಲಿ ನಿಮಗೆ ಗೊತ್ತಿರುವ ಒಂದನ್ನು ಮೊದಲು ಹೇಳಿ. “ನೀನೂ ಮಾಡುತ್ತೀ, ಇಲ್ಲ ಅಂತಲ್ಲ” ಎಂಬ ಮಾತು ಬೇಡ, ಅದು ಕಿವಿಗೆ ಕುಟುಕಿದ ಹಾಗೆಯೇ ಕೇಳುತ್ತದೆ. “ಆ ರಾತ್ರಿ ನೀನು ಒಬ್ಬನೇ ಅಮ್ಮನನ್ನು ಎತ್ತಿ ಕಾರಿಗೆ ಹಾಕಿದ್ದಂತೆ, ನನಗೆ ಆಮೇಲೆ ಗೊತ್ತಾಯಿತು” ಎಂದರೆ ಬೇರೆಯೇ. ಆ್ಯಡಮ್ ಗ್ರಾಂಟ್, ಫ್ರಾನ್ಸೆಸ್ಕಾ ಜೀನೋ ಎಂಬ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ ಸಹಾಯ ಮಾಡಿದವರಿಗೆ ಎರಡನೇ ಸಹಾಯ ಕೇಳಿದರು. ಮೊದಲಿನದಕ್ಕೆ ಥ್ಯಾಂಕ್ಸ್ ಹೇಳಿಸಿಕೊಂಡವರಲ್ಲಿ 66% ಜನ ಮಾಡಿದರು. ಹೇಳಿಸಿಕೊಳ್ಳದವರಲ್ಲಿ 32%. ನಾನು ಇವರಿಗೆ ಬೇಕಾದವನು ಅನಿಸಿದರೆ ಮನುಷ್ಯನಿಗೆ ಮಾಡುವ ಮನಸ್ಸು ಬರುತ್ತದೆ.

ಮಾತಿಗಿಂತಲೂ ಬೇಗ ಕೆಲಸಕ್ಕೆ ಬರುವುದು ಒಂದಿದೆ. ಬೆಂಗಳೂರಿನ ತಮ್ಮಂದಿರೇ, ರಜೆಯೆಲ್ಲ ಹಬ್ಬಕ್ಕೆ ಮುಗಿಸಬೇಡಿ, ಮದ್ದು ಬಿಡುವ ವಾರಕ್ಕೂ ಸ್ವಲ್ಪ ಉಳಿಸಿ ಬನ್ನಿ. ಮರ ಹತ್ತುವವರಿಗೆ ಫೋನ್ ನೀವೇ ಮಾಡಿ. ರಾತ್ರಿ ಅಮ್ಮನ ಕೋಣೆಯಲ್ಲಿ ನೀವೇ ಮಲಗಿ. ಊರಿನ ಅಣ್ಣಂದಿರೇ, ಇನ್ಶೂರೆನ್ಸ್‌ನ ಮುಂದಿನ ಫೋನು ನಿಮ್ಮ ನಂಬರಿಗೆ ಬರಲಿ.