ಪೆಟ್ರೋಲ್ ಬರುತ್ತಿದೆ, ಸ್ಪಾರ್ಕ್ ಎಲ್ಲಿ ಹೋಯ್ತು?

ಹಳೇ ಗಾಡಿ ಬಿಸಿಲಲ್ಲಿ ಕೆಟ್ಟು ನಿಂತರೆ ಸಾಕು, ಸುತ್ತ ಸೇರಿದವರಲ್ಲಿ ಒಬ್ಬರಾದರೂ ‘ವೇಪರ್ ಲಾಕ್’, ಅಂದರೆ ಪೆಟ್ರೋಲ್ ಬಿಸಿಗೆ ದಾರಿಯಲ್ಲೇ ಆವಿಯಾಗಿ ಸಿಕ್ಕಿಕೊಂಡಿದೆ ಅಂತ ತೀರ್ಪು ಕೊಟ್ಟೇ ಕೊಡುತ್ತಾರೆ. ಎಂಜಿನ್ನಿಗೆ ಪೆಟ್ರೋಲ್ ಎಳೆದುಕೊಡುವ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ, ನೀರು ಹನಿಸಿ, ಅರ್ಧ ಗಂಟೆ ಬಿಡಿ ಅನ್ನುತ್ತಾರೆ. ಅರ್ಧ ಗಂಟೆ ಬಿಟ್ಟರೆ ಗಾಡಿ ಹೊರಡುತ್ತದೆ ಕೂಡ. ಅಲ್ಲಿಗೆ ವೇಪರ್ ಲಾಕೇ ಅಂತ ಕೇಸು ಮುಗಿಯಿತು.

ಆದರೆ ಆ ಅರ್ಧ ಗಂಟೆಯಲ್ಲಿ ತಣ್ಣಗಾಗಿದ್ದು ಪೆಟ್ರೋಲ್ ಪಂಪ್ ಒಂದೇ ಅಲ್ಲವಲ್ಲ? ಸ್ಪಾರ್ಕಿಗೆ ಬೇಕಾದ ಹೈ ವೋಲ್ಟೇಜ್ ಮಾಡಿಕೊಡುವ ಇಗ್ನಿಷನ್ ಕಾಯಿಲೂ ತಣ್ಣಗಾಗಿರುತ್ತದೆ. ಸ್ಪಾರ್ಕನ್ನು ಸಿಲಿಂಡರುಗಳಿಗೆ ಹಂಚುವ ಡಿಸ್ಟ್ರಿಬ್ಯೂಟರಿನ ಜೊತೆಗಿರುವ ಕಂಡೆನ್ಸರೂ ತಣ್ಣಗಾಗಿರುತ್ತದೆ. ಸ್ಪಾರ್ಕ್ ಸತ್ತಿದ್ದರೂ ಲಕ್ಷಣ ಅದೇ, ಔಷಧಿಯೂ ಅದೇ. ಹಾಗಾಗಿ ಗಾಡಿ ತಣ್ಣಗಾಗುವುದಕ್ಕೆ ಮೊದಲೇ, ಕೆಟ್ಟು ನಿಂತಿರುವಾಗಲೇ ನೋಡಬೇಕು. ಅದಕ್ಕೆ ಯಾರಿಗೂ ತಾಳ್ಮೆ ಇರುವುದಿಲ್ಲ.

ನನ್ನ ಹತ್ತಿರ ಇರುವುದು 1986ರ ಪ್ರೀಮಿಯರ್ ಪದ್ಮಿನಿ. ಮಾವನವರ ಗಾಡಿ, ಈಗ ನನ್ನ ಪಾಲಿಗೆ ಬಂದಿದೆ. 1089 ಸಿಸಿ ಎಂಜಿನ್, ಸ್ಟೀರಿಂಗ್ ಪಕ್ಕದಲ್ಲಿ ಗೇರು, ಪಾಯಿಂಟು-ಕಂಡೆನ್ಸರಿನ ಹಳೇ ಕಾಲದ ಇಗ್ನಿಷನ್. ಪಾಯಿಂಟು ಅಂದರೆ ಡಿಸ್ಟ್ರಿಬ್ಯೂಟರ್ ಒಳಗೆ ಮುಚ್ಚಿ ತೆರೆಯುತ್ತಾ ಕಾಯಿಲಿನ ಕರೆಂಟು ಕೊಟ್ಟು ಕಡಿಯುವ ಸಣ್ಣ ಸ್ವಿಚ್ಚು. ನಾನು ಮೆಕ್ಯಾನಿಕ್ ಅಲ್ಲ. ಟೆಲಿಫೋನ್ ಇಲಾಖೆಯಲ್ಲಿ ಲೈನ್ ಫಾಲ್ಟ್ ಹುಡುಕುತ್ತಾ ಸರ್ವೀಸ್ ಮುಗಿಸಿದವನು. ತೀರ್ಥಹಳ್ಳಿ ಕಡೆಯ ಮಳೆಯಲ್ಲಿ ಎಲ್ಲಿ ವಯರ್ ಕೊಳೆತಿದೆ, ಎಲ್ಲಿ ಜಾಯಿಂಟ್ ಹಸಿರು ಹಿಡಿದಿದೆ ಅಂತ ಮೀಟರ್ ಹಿಡಿದು ಹುಡುಕುವುದೇ ಕೆಲಸವಾಗಿತ್ತು. ಕಾರಿನ ಇಗ್ನಿಷನ್ ನನಗೆ ಕಾಣುವುದೂ ಹಾಗೆಯೇ. ಅದೂ ಒಂದು ಲೈನು, ಸ್ವಲ್ಪ ಗಿಡ್ಡ, ಅಷ್ಟೆ.

ನಮ್ಮ ಗಾಡಿ ಕೈ ಕೊಟ್ಟಿದ್ದು ಏಪ್ರಿಲ್ ಬಿಸಿಲಲ್ಲಿ, ಆಗುಂಬೆ ಘಾಟಿಯಲ್ಲಿ. ಹೆಬ್ರಿ ಕಡೆಯಿಂದ ಬಂದು ಸೋಮೇಶ್ವರ ದಾಟಿ ಹತ್ತುತ್ತಿದ್ದೆವು. 14 ತಿರುವಿನಲ್ಲಿ ಅರ್ಧ ಹತ್ತಿರಬೇಕು. ಮೊದಲು ಕೆಮ್ಮು, ಆಮೇಲೆ ಜರ್ಕು, ಆಮೇಲೆ ಪೂರ್ತಿ ಬಂದ್. ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟೆ. ಮಂಗಗಳು ಬಂದು ಬಾನೆಟ್ಟಿನ ಮುಂದೆ ಕೂತವು. ಒಂದು ಜೀಪಿನವರು ನಿಲ್ಲಿಸಿ, ಕೇಳುವ ಮೊದಲೇ ಬಾಟಲಿ ನೀರು ಹಿಡಿದು ಇಳಿದರು. ಸ್ವಲ್ಪ ತಡೆಯಿರಿ ಅಂದೆ.

ಆಗ ಮಾಡಬೇಕಾದ ಕೆಲಸ ಒಂದೇ. ಸ್ಟಾರ್ಟರ್ ನಾಲ್ಕಾರು ಸೆಕೆಂಡು ಹೊಡೆದು, ಒಂದು ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡುವುದು. ಪ್ಲಗ್ ಒಣಗಿದ್ದರೆ ಪೆಟ್ರೋಲ್ ಬರುತ್ತಿಲ್ಲ, ಜೀಪಿನವರು ಹೇಳಿದ್ದು ಸರಿ ಇರಬಹುದು. ಒದ್ದೆಯಾಗಿ ಪೆಟ್ರೋಲ್ ವಾಸನೆ ಹೊಡೆಯುತ್ತಿದ್ದರೆ ಪೆಟ್ರೋಲ್ ಬಂದಿದೆ, ಹೊತ್ತಿಕೊಂಡಿಲ್ಲ. ನಮ್ಮದು ಒದ್ದೆ. ಮೂಗಿಗೆ ಹಿಡಿದು ಜೀಪಿನವರಿಗೂ ತೋರಿಸಿದೆ. ಅವರು ತಲೆ ಆಡಿಸಿ, ಆದರೂ ನೀರು ಹಾಕಿಯೇ ಹೋದರು.

ಮುಂದಿನದು ಸ್ಪಾರ್ಕ್ ನೋಡುವ ಕೆಲಸ. ಬಿಚ್ಚಿದ ಪ್ಲಗ್ಗನ್ನೇ ಬ್ಲಾಕಿಗೆ ತಾಗಿಸಿ ನೋಡುವುದು ಎಲ್ಲರ ಅಭ್ಯಾಸ. ನನಗೆ ಅದರ ಮೇಲೆ ನಂಬಿಕೆ ಕಡಿಮೆ. ಹೊರಗಿನ ಗಾಳಿಯಲ್ಲಿ ಪ್ಲಗ್ಗಿನ ತುದಿಯ 0.6 ಎಂ.ಎಂ. ಸಂದಿ ಹಾರುವುದು ಸುಲಭ. ಸಿಲಿಂಡರ್ ಒಳಗೆ ಒತ್ತಡ ಜಾಸ್ತಿ, ಅದೇ ಸಂದಿ ಹಾರಲು ಎಷ್ಟೋ ಪಟ್ಟು ವೋಲ್ಟೇಜ್ ಬೇಕು. ಅದರಲ್ಲೂ ಘಾಟಿ ಹತ್ತುವಾಗ ಆಕ್ಸಿಲರೇಟರ್ ಪೂರ್ತಿ ತುಳಿದಿರುತ್ತೀರಿ, ಸಿಲಿಂಡರಿಗೆ ಗಾಳಿ ಜಾಸ್ತಿ ತುಂಬುತ್ತದೆ, ಒತ್ತಡ ಇನ್ನೂ ಏರುತ್ತದೆ. ಬಡಕಲು ಸ್ಪಾರ್ಕ್ ಊರೊಳಗೆ ಹೇಗೋ ಓಡಿಸುತ್ತದೆ, ಏರಿನಲ್ಲಿ ಸಿಕ್ಕಿಬೀಳುತ್ತದೆ.

ಅದಕ್ಕೆ ನಾನು ಕಾಯಿಲಿನಿಂದ ಬರುವ ನಡುವಿನ ದಪ್ಪ ವಯರನ್ನು ಡಿಸ್ಟ್ರಿಬ್ಯೂಟರ್ ಕ್ಯಾಪಿನಿಂದ ಕಿತ್ತು, ಬಟ್ಟೆ ಒಣಗಿಸುವ ಪ್ಲಾಸ್ಟಿಕ್ ಕ್ಲಿಪ್ಪಿನಲ್ಲಿ ಹಿಡಿದು, ಎಂಜಿನ್ ಬ್ಲಾಕಿನಿಂದ ಸುಮಾರು 6 ಎಂ.ಎಂ. ದೂರ ಇಡುತ್ತೇನೆ. ಕ್ಯಾಪ್ ತೆಗೆದು, ಪಾಯಿಂಟು ಮುಚ್ಚಿಕೊಂಡಿರುವ ಹಾಗೆ ಎಂಜಿನ್ ತಿರುಗಿಸಿಕೊಳ್ಳುತ್ತೇನೆ. ಗಾಡಿಯನ್ನು ಟಾಪ್ ಗೇರಿಗೆ ಹಾಕಿ ಸ್ವಲ್ಪ ತಳ್ಳಿದರೆ ಆಯ್ತು. ಏರಿನಲ್ಲಾದರೆ ಕಲ್ಲು ತೆಗೆಯದೆ ಸ್ಟಾರ್ಟರನ್ನೇ ಚೂರು ಚೂರು ಮುಟ್ಟಿಸಿ. ಆಮೇಲೆ ಇಗ್ನಿಷನ್ ಆನ್ ಮಾಡಿ ಒಂದು ಒಣ ಕಡ್ಡಿಯಿಂದ ಪಾಯಿಂಟನ್ನು ಪಟ್ ಅಂತ ತೆರೆಯುವುದು. ಒಬ್ಬರೇ ಮಾಡಬಹುದು. ಆರೋಗ್ಯವಂತ ಕಾಯಿಲ್ ಆದರೆ ನೀಲಿ ಕಿಡಿ ಚಟ್ ಅಂತ ಹಾರಿ ಬಡಿಯುತ್ತದೆ, ಸದ್ದು ಕಿವಿಗೆ ಕೇಳುತ್ತದೆ. ನನಗೆ ಸಿಕ್ಕಿದ್ದು ಹಳದಿ ಬಣ್ಣದ, ದಾರದಷ್ಟು ತೆಳ್ಳನೆಯ ಕಿಡಿ. ಅದೂ ವಯರನ್ನು ತೀರಾ ಹತ್ತಿರ ತಂದ ಮೇಲೆ.

ಎರಡು ಎಚ್ಚರಿಕೆ ಹೇಳಿಬಿಡುತ್ತೇನೆ. ಬಿಚ್ಚಿದ ಪ್ಲಗ್ಗನ್ನು ಮೊದಲು ವಾಪಸ್ ಹಾಕಿ. ಪೆಟ್ರೋಲ್ ಆವಿ ಬರುತ್ತಿರುವ ತೂತಿನ ಹತ್ತಿರ ಕಿಡಿ ಹಾರಿಸಬಾರದು. ಇನ್ನು ಪೇಸ್‌ಮೇಕರ್ ಹಾಕಿಸಿಕೊಂಡವರು ಈ ಪರೀಕ್ಷೆಯ ಹತ್ತಿರವೂ ಬರಬೇಡಿ. ಇದು 15-20 ಸಾವಿರ ವೋಲ್ಟಿನ ಆಟ.

ಗಾಡಿ ತಣ್ಣಗಾಗಿ ಮನೆ ಸೇರಿತು. ಅಸಲಿ ಹುಡುಕಾಟ ಶುರುವಾಗಿದ್ದು ಆಮೇಲೆ.

ಗ್ಯಾರೇಜಿಗೆ ಕೊಟ್ಟರೆ ಏನಾಗುತ್ತದೆ ಅಂತ ಗೊತ್ತಿತ್ತು. ಕಾಯಿಲ್ ಬದಲಿಸುತ್ತಾರೆ, ಪಾಯಿಂಟು ಬದಲಿಸುತ್ತಾರೆ, ಕಂಡೆನ್ಸರ್, ಪ್ಲಗ್, ವಯರ್ ಎಲ್ಲಾ ಬದಲಿಸಿ ಒಂದು ಬಿಲ್ಲು. ಯಾವುದರಿಂದ ಸರಿಹೋಯಿತು ಅಂತ ಅವರಿಗೂ ಗೊತ್ತಿರುವುದಿಲ್ಲ, ನಮಗೂ ಇಲ್ಲ. ಸರಿಹೋಗದಿದ್ದರೆ ಕಾರ್ಬುರೇಟರ್ ಬಿಚ್ಚುತ್ತಾರೆ.

ಕಾಯಿಲ್ ಕೆಲಸ ಮಾಡುವ ಬಗೆ ಸರಳ. ಪಾಯಿಂಟು ಮುಚ್ಚಿದಾಗ ಒಳಗಿನ ದಪ್ಪ ತಂತಿಯ ಸುತ್ತಿನಲ್ಲಿ ಕರೆಂಟು ಹರಿದು ಅಯಸ್ಕಾಂತದ ಶಕ್ತಿ ತುಂಬಿಕೊಳ್ಳುತ್ತದೆ. ಪಾಯಿಂಟು ತೆರೆದಾಗ ಆ ಶಕ್ತಿ ಒಮ್ಮೆಲೇ ಕುಸಿದು, ತೆಳ್ಳನೆಯ ಸಾವಿರಾರು ಸುತ್ತಿನಲ್ಲಿ ಸ್ಪಾರ್ಕಾಗಿ ಹೊರಬರುತ್ತದೆ. ಎಷ್ಟು ಶಕ್ತಿ ತುಂಬಿತು ಅನ್ನುವುದು ಕರೆಂಟಿನ ವರ್ಗಕ್ಕೆ ತಕ್ಕ ಹಾಗೆ. ಕರೆಂಟು ಅರ್ಧವಾದರೆ ಸ್ಪಾರ್ಕಿನ ಶಕ್ತಿ ಕಾಲು ಭಾಗ. ಇದೊಂದು ನೆನಪಿದ್ದರೆ ಸಾಕು, ‘ಒಂದೆರಡು ವೋಲ್ಟ್ ಕಡಿಮೆ ಇದ್ರೆ ಏನಾಗುತ್ತೆ ಬಿಡಿ’ ಅನ್ನುವ ಮಾತು ಬಾಯಿಗೆ ಬರುವುದಿಲ್ಲ.

ಮಲ್ಟಿಮೀಟರಿನ ಒಂದು ಕಡ್ಡಿ ಬ್ಯಾಟರಿಯ ಪ್ಲಸ್‌ಗೆ, ಇನ್ನೊಂದು ಕಾಯಿಲಿನ ಪ್ಲಸ್‌ಗೆ. ಇಗ್ನಿಷನ್ ಆನ್, ಪಾಯಿಂಟು ಮುಚ್ಚಿರಬೇಕು. ಮೀಟರು ಅರ್ಧ ವೋಲ್ಟಿಗಿಂತ ಕಡಿಮೆ ತೋರಿಸಬೇಕು. ನನ್ನದು ತೋರಿಸಿದ್ದು 1.9 ವೋಲ್ಟ್! ಬ್ಯಾಟರಿ 12.4 ಕೊಡುತ್ತಿದೆ, ಕಾಯಿಲಿಗೆ ಮುಟ್ಟುತ್ತಿರುವುದು 10.5.

ಆಮೇಲೆ ಲೈನಿನ ಮೇಲೆ ನಡೆಯುವುದು, ಕಂಬದಿಂದ ಕಂಬಕ್ಕೆ ಹೋದ ಹಾಗೆ. ಬ್ಯಾಟರಿಯಿಂದ ಇಗ್ನಿಷನ್ ಸ್ವಿಚ್ಚಿನ ಒಳಬಾಗಿಲಿಗೆ 0.2 ವೋಲ್ಟ್ ನಷ್ಟ. ಪರವಾಗಿಲ್ಲ. ಸ್ವಿಚ್ಚಿನ ಒಳಬಾಗಿಲಿಂದ ಹೊರಬಾಗಿಲಿಗೆ 1.3. ಅಲ್ಲಿಂದ ಕಾಯಿಲಿಗೆ ಬಂದು ಮುಟ್ಟುವಷ್ಟರಲ್ಲಿ ಇನ್ನೊಂದು 0.4. ಆ ಕೊನೆಯದು ಕಾಯಿಲಿನ ಹತ್ತಿರದ ಲಗ್ಗು, ಅಂದರೆ ವಯರಿನ ತುದಿಯ ಲೋಹದ ಕೊಂಡಿ. ಎಳೆದರೆ ಕೈಗೇ ಬಂತು, ತಾಮ್ರದ ಎಳೆಗಳು ಹಸಿರು ಪುಡಿಯಾಗಿದ್ದವು. ಮುಖ್ಯ ಕಳ್ಳ ಸ್ವಿಚ್ಚು. ಮೂವತ್ತು ವರ್ಷಕ್ಕಿಂತ ಜಾಸ್ತಿ ಬೀಗದ ಕೈ ತಿರುಗಿಸಿದ್ದಕ್ಕೆ ಒಳಗಿನ ಕಾಂಟ್ಯಾಕ್ಟು ಸವೆದು ಕಪ್ಪಾಗಿತ್ತು.

ಸ್ವಿಚ್ಚು ಬಿಚ್ಚಿ ಓಮ್ಸ್‌ನಲ್ಲಿ ನೋಡಿದ್ದರೆ ಇದು ಸಿಗುತ್ತಲೇ ಇರಲಿಲ್ಲ. ಅದರ ಅಡ್ಡಿ ಅರ್ಧ ಓಮ್‌ಗಿಂತ ಕಡಿಮೆ. ಮೀಟರಿನ ಕಡ್ಡಿಗಳದ್ದೇ ಹತ್ತಿರ ಹತ್ತಿರ ಅಷ್ಟಿರುತ್ತದೆ. ಕರೆಂಟು ಹರಿಯುತ್ತಿರುವಾಗ ವೋಲ್ಟೇಜ್ ಎಲ್ಲಿ ಬೀಳುತ್ತದೆ ಅಂತ ನೋಡಿದರೆ ಮಾತ್ರ ಕಳ್ಳ ಸಿಗುತ್ತಾನೆ.

ಇನ್ನು ಬಿಸಿಯ ಲೆಕ್ಕ. ಕಾಯಿಲಿನ ಪ್ರೈಮರಿ, ಅಂದರೆ ದಪ್ಪ ತಂತಿಯ ಸುತ್ತು, ತಣ್ಣಗಿದ್ದಾಗ 3.1 ಓಮ್ ಇತ್ತು. ತಾಮ್ರದ ಅಡ್ಡಿ ಡಿಗ್ರಿಗೆ ಶೇಕಡಾ 0.4ರಷ್ಟು ಏರುತ್ತದೆ. ಘಾಟಿಯಲ್ಲಿ ಬಾನೆಟ್ಟಿನೊಳಗೆ ಕಾಯಿಲ್ ಇನ್ನೊಂದು 40 ಡಿಗ್ರಿ ಕಾದರೆ 3.6 ಓಮ್. ಸ್ಟಾರ್ಟರ್ ಹೊಡೆಯುವಾಗ ಬ್ಯಾಟರಿ 10 ವೋಲ್ಟಿನ ಆಸುಪಾಸಿಗೆ ಇಳಿಯುತ್ತದೆ. ಎಲ್ಲಾ ಸೇರಿಸಿ ಭಾಗಿಸಿದರೆ 4 ಆಂಪಿಯರ್ ಹರಿಯಬೇಕಾದಲ್ಲಿ ಹರಿದಿದ್ದು 2.4ರ ಹತ್ತಿರ. ವರ್ಗ ಮಾಡಿ ನೋಡಿ, ಸ್ಪಾರ್ಕಿನಲ್ಲಿ ಉಳಿದಿದ್ದು ಮೂರನೇ ಒಂದು ಭಾಗಕ್ಕಿಂತ ಚೂರು ಜಾಸ್ತಿ. ಬಿಸಿ ಗಾಡಿ ಮತ್ತೆ ಸ್ಟಾರ್ಟ್ ಆಗದ್ದಕ್ಕೆ ಇಷ್ಟು ಸಾಕು.

ಆದರೆ ಓಡುತ್ತಿದ್ದ ಗಾಡಿ ನಿಂತಿದ್ದು ಯಾಕೆ? ಓಡುವಾಗ ಡೈನಮೋ ಅಥವಾ ಆಲ್ಟರ್ನೇಟರ್ ಚಾರ್ಜ್ ಕೊಡುತ್ತಿರುತ್ತದೆ, ವೋಲ್ಟೇಜ್ ಅಷ್ಟು ಇಳಿಯುವುದಿಲ್ಲ. ಲೆಕ್ಕ ಪೂರ್ತಿ ಕೂಡಲಿಲ್ಲ. ಉಳಿದ ಅನುಮಾನ ಕಂಡೆನ್ಸರಿನ ಮೇಲೆ.

ಹೆಬ್ಬೆರಳಿನಷ್ಟು ತಗಡಿನ ಡಬ್ಬಿ, 0.2 ಮೈಕ್ರೋಫ್ಯಾರಡಿನ ಆಸುಪಾಸು. ಪಾಯಿಂಟು ತೆರೆಯುವಾಗ ಅಲ್ಲೇ ಕಿಡಿ ಹಾರಿ ಶಕ್ತಿ ಸುಟ್ಟುಹೋಗದಂತೆ ತಡೆಯುವುದು ಇದರ ಕೆಲಸ. ಮಲ್ಟಿಮೀಟರಿಗೆ ಹಾಕಿದರೆ ಒಳ್ಳೇ ಹುಡುಗನ ಹಾಗೆ ನಿಂತಿತು. ಮೀಟರು ಕೊಡುವುದು ಕೆಲವೇ ವೋಲ್ಟ್. ಗಾಡಿಯಲ್ಲಿ ಪಾಯಿಂಟು ತೆರೆದ ಕ್ಷಣದಲ್ಲಿ ಇದರ ಮೇಲೆ 200-300 ವೋಲ್ಟ್ ಎದ್ದುಬರುತ್ತದೆ. ಅಟ್ಟದ ಮೇಲಿದ್ದ ಹಳೇ ಕೈತಿರುವಿನ 500 ವೋಲ್ಟಿನ ಮೆಗ್ಗರ್, ಅಂದರೆ ಇನ್ಸುಲೇಷನ್ ಪರೀಕ್ಷಿಸುವ ಮೀಟರು, ಇಳಿಸಿದೆ. ತಿರುವಿದೆ. ಮುಳ್ಳು ಮೊದಲು ಕುಸಿದು ನಿಧಾನಕ್ಕೆ ಮೇಲೆ ಹೋಗಿ ನಿಂತಿತು. ತಣ್ಣಗಿದ್ದಾಗ ಇನ್ಸುಲೇಷನ್ ಚೆನ್ನಾಗಿಯೇ ಇದೆ.

ಮಗಳ ಹೇರ್ ಡ್ರೈಯರ್ ತಂದೆ. ಮುಟ್ಟಿದರೆ ಬೆರಳು ತೆಗೆಯಬೇಕು, ಅಷ್ಟು ಬಿಸಿ ಮಾಡಿದೆ. ಮತ್ತೆ ತಿರುವಿದಾಗ ಮುಳ್ಳು ಅರ್ಧಕ್ಕೆ ಏರಿ, ನಡುಗಿ, ದಬ್ ಅಂತ ಸೊನ್ನೆಗೆ ಬಿತ್ತು. ತಿರುವುತ್ತಲೇ ಇದ್ದರೆ ಏರುವುದು, ಬೀಳುವುದು. ಒಳಗೆ ಕಾಗದದ ಪದರ ಎಲ್ಲೋ ಸೀಳಿದೆ. ಫ್ಯಾನ್ ಕೆಳಗೆ ಇಟ್ಟು ಆರಿಸಿ ನೋಡಿದರೆ ಮತ್ತೆ ಸರಿಯಾಗಿ ನಿಂತಿತು. ಘಾಟಿಯ ಮೇಲೆ ನಡೆದಿದ್ದು ಟೇಬಲ್ ಮೇಲೆ ಕಂಡಿತು ನೋಡಿ, ನನಗೆ ಅವತ್ತು ಊಟ ರುಚಿಸಿತು. (ಮೆಗ್ಗರ್ ಮಾಡಿದ ಕಂಡೆನ್ಸರನ್ನು ಬರಿಗೈಯಲ್ಲಿ ಹಿಡಿಯಬೇಡಿ. ಮೊದಲು ವಯರನ್ನು ಡಬ್ಬಿಗೆ ತಾಗಿಸಿ ಚಾರ್ಜ್ ಇಳಿಸಿ. ಇಲ್ಲದಿದ್ದರೆ ಚೆನ್ನಾಗಿ ಬಾರಿಸುತ್ತದೆ.)

ಹೊಸ ಕಂಡೆನ್ಸರ್ ತರಲು ಬೆಂಗಳೂರಿಗೆ ಹೋದಾಗ ಜೆ.ಸಿ. ರಸ್ತೆಗೆ ಇಳಿದೆ. ಪದ್ಮಿನಿ ಅಂದರೆ ಅಂಗಡಿಯವರು ಮೊದಲು ನಗುತ್ತಾರೆ, ಆಮೇಲೆ ಒಳಗಿನಿಂದ ಡಬ್ಬಿ ತರುತ್ತಾರೆ. ಒಂದು ಹೊಸ ಕಂಪನಿಯದ್ದು, ಒಂದು ಧೂಳು ಹಿಡಿದ ಹಳೇ ಸ್ಟಾಕು, ಎರಡನ್ನೂ ತಂದೆ. ಪಳಪಳ ಹೊಳೆಯುವ ಹೊಸದು ಡಬ್ಬಿಯಿಂದ ತೆಗೆದು ತಣ್ಣಗಿರುವಾಗಲೇ ಮೆಗ್ಗರಿನಲ್ಲಿ ಫೇಲು. ಹಳೇ ಸ್ಟಾಕು ಬಿಸಿ ಮಾಡಿದರೂ ಅಲ್ಲಾಡಲಿಲ್ಲ. ಹೊಸ ಪಾರ್ಟು ಹಾಕಿದ್ದೇವಲ್ಲ, ಅದಂತೂ ಅಲ್ಲ ಅಂತ ಪಕ್ಕಕ್ಕಿಟ್ಟು ಹುಡುಕುವವರು ತಿಂಗಳುಗಟ್ಟಲೆ ಅಲೆಯುವುದು ಇಂಥದ್ದಕ್ಕೇ.

ಪಾಯಿಂಟಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಣ್ಣ ಅರದಲ್ಲಿ ತಿಕ್ಕಿ, ಬಿಳಿ ಕಾಗದದ ಚೂರು ಎಳೆದು ಒರೆಸಿ, ಸಂದಿ ಅಳೆಯುವ 0.45 ಎಂ.ಎಂ. ಫೀಲರ್ ಪಟ್ಟಿ ಹಾಕಿ ಕೂರಿಸಿದೆ. ತಿರುಗುತ್ತಾ ಪಾಯಿಂಟನ್ನು ತೆರೆಯುವ ಕ್ಯಾಮಿಗೆ ಗ್ರೀಸ್ ಉಗುರಿನ ತುದಿಯಷ್ಟು ಸಾಕು. ಜಾಸ್ತಿ ಹಚ್ಚಿದರೆ ಅದು ಸಿಡಿದು ಪಾಯಿಂಟಿನ ಮೇಲೇ ಕೂರುತ್ತದೆ.

ಸ್ವಿಚ್ಚಿಗೆ ಒಂದು ರಿಲೇ ಕೊಟ್ಟೆ. ಹಾರನ್ನಿಗೆ ಹಾಕುವ ನಾಲ್ಕು ಪಿನ್ನಿನ ಮಾಮೂಲಿ ರಿಲೇ. ಬ್ಯಾಟರಿಯಿಂದ ಫ್ಯೂಸ್ ಹಾಕಿ ಒಂದು ದಪ್ಪ ವಯರು 30ನೇ ಪಿನ್ನಿಗೆ, 87ರಿಂದ ಕಾಯಿಲಿನ ಪ್ಲಸ್‌ಗೆ, ಕಾಯಿಲಿಗೆ ಬರುತ್ತಿದ್ದ ಹಳೇ ವಯರು 86ಕ್ಕೆ, 85 ಅರ್ತ್. ಈಗ ಹಳೇ ಸ್ವಿಚ್ಚು ಹೊರಬೇಕಾದ್ದು ರಿಲೇ ಎಳೆಯುವಷ್ಟು ಚೂರು ಕರೆಂಟು ಮಾತ್ರ. ಬ್ಯಾಟರಿಯಿಂದ ಕಾಯಿಲಿಗೆ ಬೀಳುವುದು 0.15 ವೋಲ್ಟ್. ಅದೇ ಹಳೇ ಕಾಯಿಲ್ ಈಗ ನೀಲಿ ಕಿಡಿ ಕೊಡುತ್ತಿದೆ. ಅದನ್ನು ಬದಲಿಸಲೇ ಇಲ್ಲ.

ಗೆಳೆಯರು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸಿಬಿಡಿ ಮಾರಾಯ್ರೇ ಅನ್ನುತ್ತಾರೆ. ತಪ್ಪೇನಿಲ್ಲ, ಓಡುವಷ್ಟು ದಿನ ಚೆನ್ನಾಗಿಯೇ ಓಡುತ್ತದೆ. ಆದರೆ ಕೆಟ್ಟರೆ ಘಾಟಿಯಲ್ಲಿ ನಿಂತು ಮಾಡುವುದಕ್ಕೆ ಏನೂ ಇರುವುದಿಲ್ಲ. ಪಾಯಿಂಟಾದರೆ ಬೆಂಕಿಪೊಟ್ಟಣದ ಬದಿಯಲ್ಲಿ ತಿಕ್ಕಿಯಾದರೂ ಮನೆ ಸೇರಬಹುದು.

ಘಾಟಿಯನ್ನು ಮೇ ತಿಂಗಳ ಮಧ್ಯಾಹ್ನವೇ ಹತ್ತಿಸಿ ನೋಡಿದ್ದೇನೆ, ಕೆಮ್ಮಲಿಲ್ಲ. ಈಗ ಮಳೆ ಹಿಡಿದ ಮೇಲೆ ಬೆಳಿಗ್ಗೆ ಒಂದು ಸಿಲಿಂಡರ್ ಸ್ವಲ್ಪ ಹೊತ್ತು ಮಿಸ್ ಹೊಡೆಯುತ್ತಿದೆ. ರಾತ್ರಿ ಶೆಡ್ಡಿನ ಲೈಟ್ ಆರಿಸಿ ಬಾನೆಟ್ ಎತ್ತಿ ನೋಡಿದೆ. ಕ್ಯಾಪಿನ ಮೇಲೆ, ಮೂರನೇ ವಯರಿನ ಬುಡದಿಂದ ಕ್ಲಿಪ್ಪಿನ ಕಡೆಗೆ ಸಣ್ಣ ನೀಲಿ ಗೆರೆ ಹರಿದಾಡುತ್ತಿತ್ತು. ಬಿಚ್ಚಿ ನೋಡಿದರೆ ಕೂದಲಿನಷ್ಟು ಬಿರುಕು, ಅದರಲ್ಲಿ ಇಂಗಾಲ ಕೂತಿದೆ. ಕೆರೆದು ಒರೆಸಿ ಹಾಕಿದ್ದೇನೆ, ಆದರೆ ಇಂಗಾಲದ ದಾರಿ ಒಮ್ಮೆ ಬಿದ್ದರೆ ಮತ್ತೆ ಬೀಳುತ್ತದೆ, ಕ್ಯಾಪ್ ಬದಲಿಸಲೇಬೇಕು. ಜೆ.ಸಿ. ರಸ್ತೆಯವರಿಗೆ ಫೋನ್ ಮಾಡಿದ್ದೇನೆ. ಹಳೇ ಸ್ಟಾಕಿದ್ದರೆ ತೆಗೆದಿಡಿ, ನಡುವಿನ ಕಾರ್ಬನ್ ಕಡ್ಡಿ ಸ್ಪ್ರಿಂಗಿನ ಮೇಲೆ ಕುಣಿಯುತ್ತದಾ ಅಂತ ಒತ್ತಿ ನೋಡಿ ಕಳಿಸಿ ಅಂದಿದ್ದೇನೆ.