ಕತ್ತರಿಸಿದ ಕಂದು ವೈರ್

ಮಾನ್ವಿ ಕಡೆಯ ಹಳ್ಳಿಯ ಹುಡುಗನೊಬ್ಬ ಬೈಕಿನ ಹಿಂದೆ ಸಿಪಿಯು ಕಟ್ಟಿಕೊಂಡು ರಾಯಚೂರಿನ ನನ್ನ ಅಂಗಡಿಗೆ ಬಂದ. ಊರಲ್ಲಿ ಜೆರಾಕ್ಸ್, ಆನ್‌ಲೈನ್ ಅರ್ಜಿಯ ಅಂಗಡಿ ಇಟ್ಟಿದ್ದಾನೆ. "ಆನ್ ಆಗ್ತದ್ರಿ ಅಣ್ಣ. ಕೆಲಸ ಜಾಸ್ತಿ ಆತಂದ್ರ ತಾನ ಬಂದಾಗಿ ಮತ್ತ ಚಾಲೂ ಆಗ್ತದ. ರ್‍ಯಾಮ್ ಬದಲಿ ಮಾಡಿದ್ರೂ ಅದ ಹಾಡು."

ಮುಚ್ಚಳ ತೆಗೆದೆ. ಯಾರೋ ದೊಡ್ಡ ಕೇಸಿಗೆ ಎಟುಕಲೆಂದು ಪವರ್ ಸಪ್ಲೈಯಿಂದ ಮದರ್‌ಬೋರ್ಡಿಗೆ ಕರೆಂಟು ಒಯ್ಯುವ 24 ಪಿನ್ನಿನ ಕೇಬಲ್ ಕತ್ತರಿಸಿ, ನಡುವೆ ತುಂಡು ವೈರು ತಿರುಚಿ, ಟೇಪು ಸುತ್ತಿದ್ದರು. 13ನೇ ಪಿನ್ನಿಗೆ ದಪ್ಪ ಕಿತ್ತಳೆ ವೈರಿನ ಜೊತೆ ಬರುವ ತೆಳ್ಳನೆಯ ಕಂದು ವೈರನ್ನು ಮಾತ್ರ ಜೋಡಿಸದೆ ಬಿಟ್ಟಿದ್ದರು. ಒಂದೇ ಪಿನ್ನಿಗೆ ಎರಡೇಕೆ ಅನ್ನಿಸಿರಬೇಕು.

ನನಗೆ ಸಂಕಟವಾಯಿತು. ಅದು ಸೆನ್ಸ್ ವೈರ್. ಕಿತ್ತಳೆ ವೈರುಗಳಲ್ಲಿ 3.3 ವೋಲ್ಟ್ ಹೊರಟರೂ ದಾರಿಯಲ್ಲಿ ಒಂದಿಷ್ಟು ಕಳೆದುಹೋಗುತ್ತದೆ. 10 ಆಂಪಿಯರ್ ಹರಿಯುವಾಗ 0.02 ಓಮ್ ಅಡ್ಡಿಯಿದ್ದರೆ 0.2 ವೋಲ್ಟ್ ಹೋಯಿತು. 12 ವೋಲ್ಟಿಗೆ ಅದು ತಡೆದೀತು, 3.3ಕ್ಕೆ ತಡೆಯದು. ಪಿಸಿ ಪವರ್ ಸಪ್ಲೈಗಳ ಮಾನದಂಡವಾದ ಎಟಿಎಕ್ಸ್ ಲೆಕ್ಕದಲ್ಲಿ 3.135ಕ್ಕಿಂತ ಕೆಳಗಿಳಿಯುವಂತಿಲ್ಲ. ಕಂದು ವೈರಿನಲ್ಲಿ ಹರಿಯುವ ಕರೆಂಟು ತೀರಾ ಕಡಿಮೆ. ಹಾಗಾಗಿ ಅದು ಬೋರ್ಡಿನ ತುದಿಯ ವೋಲ್ಟೇಜನ್ನು ಇದ್ದ ಹಾಗೇ ಪವರ್ ಸಪ್ಲೈಗೆ ಮುಟ್ಟಿಸುತ್ತದೆ, ಅಲ್ಲಿ ಕಡಿಮೆಯಾದಷ್ಟನ್ನು ಸಪ್ಲೈ ಏರಿಸಿಕೊಡುತ್ತದೆ. ಅದು ಕಡಿದರೆ ಎಷ್ಟೋ ಸಪ್ಲೈಗಳು ತಮ್ಮ ಬುಡದ ವೋಲ್ಟೇಜನ್ನೇ ನೋಡಿ ಸುಮ್ಮನಾಗುತ್ತವೆ.

ಲೋಡ್ ಕೊಟ್ಟು ಅಳೆದೆ. ಬೋರ್ಡಿನ ಕನೆಕ್ಟರಿನ ಹಿಂದಿನಿಂದ ಮೀಟರಿನ ಕಡ್ಡಿ ಇಟ್ಟರೆ 3.08. ಅದೇ ಸಪ್ಲೈಯಿಂದ ಹಾರ್ಡ್ ಡಿಸ್ಕಿಗೆಂದು ಬರುವ, ಏನೂ ಸಿಕ್ಕಿಸದ ಸಾಟಾ ಕನೆಕ್ಟರಿನ ಕಿತ್ತಳೆ ವೈರಿನಲ್ಲಿ 3.31. ಅಲ್ಲಿ ಕರೆಂಟು ಹರಿಯದ್ದರಿಂದ ಬುಡದ ವೋಲ್ಟೇಜೇ ಕಾಣುತ್ತದೆ, ಸಪ್ಲೈ ಡಬ್ಬಿ ಬಿಚ್ಚುವ ಅಪಾಯವಿಲ್ಲ.

ತಿರುಚಿದ್ದನ್ನೆಲ್ಲ ಬಿಚ್ಚಿ, ಒಂದೊಂದಾಗಿ ಬೆಸುಗೆ ಹಾಕಿ, ಸ್ಲೀವ್ ಏರಿಸಿದೆ. ಕಂದು ವೈರನ್ನು ಉದ್ದ ಮಾಡಿ 13ನೇ ಪಿನ್ನಿನವರೆಗೂ ಒಯ್ದೆ. ನಡುದಾರಿಯಲ್ಲಿ ಕಿತ್ತಳೆಗೆ ಅಂಟಿಸಿದ್ದರೆ ಕೆಲಸ ಬೇಗ ಮುಗಿಯುತ್ತಿತ್ತು, ಆದರೆ ಆಮೇಲಿನ ನಷ್ಟ ಅದಕ್ಕೆ ತಿಳಿಯುತ್ತಿರಲಿಲ್ಲ.

ಈಗ ಬೋರ್ಡಿನಲ್ಲಿ 3.30, ಸಾಟಾ ತುದಿಯಲ್ಲಿ 3.34.

"ಅಲ್ಲಿ ಜಾಸ್ತಿ ತೋರಸ್ತದಲ್ರಿ?" ಹುಡುಗ ಗಾಬರಿಯಾದ.

"ನಿಮ್ಮೂರು ನಾಲೆಯ ಕೊನಿಗೆ ಐತಲ್ಲ. ನಿಮ್ಮ ತೂಬಿಗೆ ನೀರು ಮುಟ್ಟಬೇಕಂದ್ರ ಮ್ಯಾಲೆ ಎಷ್ಟು ಬಿಡಬೇಕು?"

ತುಂಗಭದ್ರಾ ಎಡದಂಡೆ ನಾಲೆಯ ಕೆಳಭಾಗದಲ್ಲಿ ಬೆಳೆದವನಿಗೆ ಮತ್ತೆ ಹೇಳಬೇಕಾಗಲಿಲ್ಲ. "ಹಂಗಾದ್ರ ಈ ಕಂದು ವೈರು ನಾಲೆ ಕೊನೀಗೆ ನೀರಿನ ಮಟ್ಟ ತೋರಸೋ ನಮ್ಮ ಗೇಜ್ ಇದ್ದಂಗ," ಅಂದ. ಅಪ್ಪ ಆ ಗೇಜಿಗೆ ನೀರು ಮುಟ್ಟಲೆಂದು ಎಷ್ಟು ಸಲ ರಸ್ತೆಯಲ್ಲಿ ಧರಣಿ ಕೂತಿದ್ದಾರೆಂದು ಸಿಪಿಯು ಕಟ್ಟುತ್ತಲೇ ಹೇಳಿದ.