ಪಾಸ್ತಾ ಬೆಂದ ನೀರು

ಕೆಲಸ ಮುಗಿಸಿ ಬರುವಾಗ ರಾತ್ರಿ 8 ದಾಟಿತ್ತು. ಹೊಟ್ಟೆ ಚುರುಗುಟ್ಟುತ್ತಿತ್ತು. 20 ನಿಮಿಷದಲ್ಲಿ ಖಾರದ ಕ್ರೀಮ್ ಪಾಸ್ತಾ ಮಾಡಿದೆ.

ಮೊದಲು ಸಣ್ಣ ಉರಿಯಲ್ಲಿ ಎಣ್ಣೆಗೆ ಬೆಳ್ಳುಳ್ಳಿ, ಒಣಮೆಣಸಿನ ಚೂರು. ಮೆಣಸಿನ ಖಾರ ನೀರಿಗಿಂತ ಎಣ್ಣೆಯಲ್ಲೇ ಚೆನ್ನಾಗಿ ಬಿಡುತ್ತದೆ. ಎಣ್ಣೆ ಕೆಂಪಗಾಯಿತು, ಘಾಟಿಗೆ ಒಂದು ಸೀನೂ ಬಂತು. ಆಮೇಲೆ ಕ್ರೀಮ್. ಪಾಸ್ತಾ ಇನ್ನೂ 2 ನಿಮಿಷ ಬೇಯಬೇಕು ಅನ್ನುವಾಗಲೇ ತೆಗೆದು ಬಾಣಲೆಗೆ ಹಾಕಿದೆ, ಜೊತೆಗೆ ಅದು ಬೆಂದ ನೀರು ಒಂದು ಸೌಟು. ಆ ನೀರಿನಲ್ಲಿ ಪಿಷ್ಟ ಇರುತ್ತದೆ. ಸಾಸ್ ಒಡೆಯದೆ ಪಾಸ್ತಾಕ್ಕೆ ಅಂಟಿಕೊಳ್ಳುವುದು ಅದರಿಂದಲೇ. ದಯವಿಟ್ಟು ಸುಮ್ನೆ ಚೆಲ್ಲಬೇಡಿ!

ಬಾಣಲೆ ಆಡಿಸುತ್ತಾ ನಿಂತಾಗ ಅನ್ನಿಸಿತು, ಇವತ್ತು ಒಂದೇ ಕೆಲಸದ ಮೇಲೆ ಪೂರ್ತಿ ಮನಸ್ಸು ಇಟ್ಟಿದ್ದು ಇದೊಂದು ಹೊತ್ತು ಮಾತ್ರ ಅಲ್ವಾ? ಬಟ್ಟಲು ಕೈಯಲ್ಲೇ ಹಿಡಿದು, ಒಲೆ ಪಕ್ಕದಲ್ಲೇ ನಿಂತು ಬಿಸಿಬಿಸಿ ತಿಂದೆ.